ವಿನ್ಯಾ ತೊಂದೋನಿಯಾ ರೆಸೆರ್ವಾ 2011: ಆರು ವರ್ಷ ಪೀಪಾಯಿಯಲ್ಲಿ ಕೂತ ರಿಯೋಹಾ ಹುಬ್ಬಳ್ಳಿಯ ಬಿಸಿಲಿಗೆ ಬಂದಾಗ

ಹಳೆಯ ಕೆಂಪು ವೈನ್ ಅಂದಕೂಡಲೇ ಮಸಿಯ ಹಾಗೆ ಕಪ್ಪಗೆ, ಗಟ್ಟಿಯಾಗಿ, ನಾಲಿಗೆಗೆ ಭಾರವಾಗಿ ಇರುತ್ತದೆ ಎಂದುಕೊಂಡವರು ಈ ಬಾಟಲಿಯ ಮೊದಲ ಗ್ಲಾಸ್ ನೋಡಿ ಗೊಂದಲಕ್ಕೆ ಬೀಳುತ್ತಾರೆ. ಬಿಳಿ ಕಾಗದದ ಮೇಲೆ ಗ್ಲಾಸನ್ನು ವಾರೆ ಮಾಡಿ ಹಿಡಿದರೆ ಅಂಚಿನ ಕಡೆ ಕೆಳಗಿನ ಅಕ್ಷರ ಓದಬಹುದು, ಅಷ್ಟು ತೆಳು. ನಡುವೆ ದಾಳಿಂಬೆ ರಸದ ಕೆಂಪು, ಅಂಚಿಗೆ ಬರುತ್ತ ಬರುತ್ತ ಹಂಚಿನ ಬಣ್ಣ. ಇದಕ್ಕೆ ಯಾರೂ ನೀರು ಬೆರೆಸಿಲ್ಲ, ವೈನ್ ಕೆಟ್ಟೂ ಇಲ್ಲ. ವಯಸ್ಸಾದಂತೆ ಕೆಂಪು ವೈನಿನ ಬಣ್ಣ ಮತ್ತು ಒಗರಿನ ಅಂಶಗಳು ಒಂದಕ್ಕೊಂದು ಹೆಣೆದುಕೊಂಡು ಭಾರವಾಗಿ ತಳ ಸೇರುತ್ತವೆ. ಮೇಲೆ ಉಳಿಯುವುದು ತಿಳಿ. ಎಳೆಯ ವೈನ್ ನೇರಳೆ ಬಣ್ಣಕ್ಕಿರುತ್ತದೆ, ಮುದಿ ವೈನ್ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. 2011ರಲ್ಲಿ ಕೊಯ್ದ ದ್ರಾಕ್ಷಿಯ ಈ ವೈನ್ ಎರಡರ ನಡುವೆ, ಇಟ್ಟಿಗೆಯ ಕಡೆಗೆ ಒಂದು ಹೆಜ್ಜೆ ಹೆಚ್ಚು ಸರಿದಿದೆ.

ಇದರ ಊರು ಸ್ಪೇನ್‌ನ ಉತ್ತರ ಭಾಗದ ರಿಯೋಹಾ ಸೀಮೆಯ ಆರೋ ಎಂಬ ಪಟ್ಟಣ. ಎಬ್ರೋ ನದಿ ಅಲ್ಲಿ ಬಾಗಿ ಹರಿಯುವ ಕಡೆ, ಸುಣ್ಣದಂಶದ ಮಣ್ಣಿನಲ್ಲಿ, ನೂರು ಹೆಕ್ಟೇರಿಗೂ ದೊಡ್ಡದಾದ ತೊಂದೋನಿಯಾ ಎಂಬ ದ್ರಾಕ್ಷಿ ತೋಟವಿದೆ. ತೋಟದ ಹೆಸರೇ ವೈನಿನ ಹೆಸರು. ಮಾಡುವವರು ಲೋಪೆಸ್ ದೆ ಎರೆದಿಯಾ ಮನೆತನ, 1877ರಲ್ಲಿ ಶುರುವಾದದ್ದು. ಫ್ರಾನ್ಸ್‌ನ ದ್ರಾಕ್ಷಿ ಬೇರಿಗೆ ಫಿಲಾಕ್ಸೆರಾ ಹೇನು ಬಿದ್ದು ತೋಟಗಳು ನಾಶವಾದಾಗ ಬೋರ್ಡೋ ವ್ಯಾಪಾರಿಗಳು ಬೆಟ್ಟ ದಾಟಿ ರಿಯೋಹಾಕ್ಕೆ ಬಂದರು. ಸಣ್ಣ ಓಕ್ ಪೀಪಾಯಿಯಲ್ಲಿ ವೈನ್ ಹಣ್ಣುಮಾಡುವ ಪದ್ಧತಿ ಅಲ್ಲಿ ಗಟ್ಟಿಯಾಗಿ ಬೇರೂರಿದ್ದು ಆ ಕಾಲದಲ್ಲಿ. ಆರೋದಲ್ಲಿ ರೈಲ್ವೆ ಸ್ಟೇಷನ್ ಸುತ್ತಲೇ ಹಳೆಯ ಕಂಪನಿಗಳೆಲ್ಲ ಸಾಲಾಗಿ ನಿಂತಿವೆ, ಪೀಪಾಯಿಗಳನ್ನು ನೇರವಾಗಿ ಬೋಗಿಗೆ ಏರಿಸಲು ಅನುಕೂಲವಾಗಲೆಂದು.

ಲೇಬಲ್ ಓದುವುದನ್ನು ಕಲಿತರೆ ದುಡ್ಡು ಉಳಿಯುತ್ತದೆ. ರಿಯೋಹಾದ ಕಾನೂನಿನಲ್ಲಿ ಕೆಂಪು ವೈನಿಗೆ ಮೂರು ಮುಖ್ಯ ದರ್ಜೆಗಳಿವೆ. ಕ್ರಿಯಾನ್ಸಾ ಅಂದರೆ ಮಾರುವ ಮುನ್ನ ಒಟ್ಟು ಎರಡು ವರ್ಷ ಹಣ್ಣಾಗಬೇಕು, ಅದರಲ್ಲಿ ಕನಿಷ್ಠ ಒಂದು ವರ್ಷ ಓಕ್ ಪೀಪಾಯಿಯಲ್ಲಿ. ರೆಸೆರ್ವಾ ಅಂದರೆ ಒಟ್ಟು ಮೂರು ವರ್ಷ, ಒಂದು ವರ್ಷ ಪೀಪಾಯಿ. ಗ್ರಾನ್ ರೆಸೆರ್ವಾ ಅಂದರೆ ಒಟ್ಟು ಐದು ವರ್ಷ, ಎರಡು ವರ್ಷ ಪೀಪಾಯಿ, ಉಳಿದ ಕಾಲದ ಬಹುಭಾಗ ಬಾಟಲಿಯಲ್ಲಿ. ಹಿಂಬದಿಯ ಸಣ್ಣ ಮುದ್ರೆಯ ಬಣ್ಣದಿಂದಲೂ ಗೊತ್ತಾಗುತ್ತದೆ: ಕ್ರಿಯಾನ್ಸಾಕ್ಕೆ ಕೆಂಪು, ರೆಸೆರ್ವಾಕ್ಕೆ ಕಡುಗೆಂಪು, ಗ್ರಾನ್ ರೆಸೆರ್ವಾಕ್ಕೆ ನೀಲಿ. ಇವೆಲ್ಲ ಕನಿಷ್ಠ ಲೆಕ್ಕ. ತೊಂದೋನಿಯಾ ರೆಸೆರ್ವಾ ಪೀಪಾಯಿಯಲ್ಲಿ ಕೂರುವುದು ಆರು ವರ್ಷ. ಕಾನೂನು ಗ್ರಾನ್ ರೆಸೆರ್ವಾಕ್ಕೆ ಕೇಳುವುದರ ಮೂರು ಪಟ್ಟು. ಈ ಬಾಟಲಿಯನ್ನು ಅಳೆಯಬೇಕಾದದ್ದು ಈ ಒಂದು ಅಂಶದಿಂದ.

ಆ ಆರು ವರ್ಷದಲ್ಲಿ ಏನಾಗುತ್ತದೆ? ಪೀಪಾಯಿ 225 ಲೀಟರಿನದು, ಅಮೆರಿಕನ್ ಓಕ್ ಮರದ್ದು, ಮನೆತನದ ಸ್ವಂತ ಕಮ್ಮಟದಲ್ಲಿ ಬಡಗಿಗಳು ಕಟ್ಟಿದ್ದು. ವರ್ಷಕ್ಕೆ ಎರಡು ಸಲ ವೈನನ್ನು ಒಂದು ಪೀಪಾಯಿಯಿಂದ ಇನ್ನೊಂದಕ್ಕೆ ಕೈಯಿಂದಲೇ ಬಸಿಯುತ್ತಾರೆ, ಗಸಿ ಹಿಂದೆ ಉಳಿಯುತ್ತದೆ. ಹೀಗೆ ಬಸಿಯುವಾಗಲೂ, ಮರದ ಸಂದಿಯಿಂದಲೂ ಕೊಂಚ ಕೊಂಚ ಗಾಳಿ ತಾಕುತ್ತದೆ. ಒಮ್ಮೆಲೇ ತಾಕಿದರೆ ವೈನನ್ನು ಕೊಲ್ಲುವ ಗಾಳಿ ಹೀಗೆ ಹನಿಹನಿಯಾಗಿ ತಾಕಿದರೆ ಅದನ್ನು ಪಳಗಿಸುತ್ತದೆ. ಅದಕ್ಕೇ ಈ ವೈನ್ ಬಾಟಲಿ ತೆಗೆದ ಮೇಲೆ ಬೇಗ ಕುಸಿಯುವುದಿಲ್ಲ. ಕೊನೆಗೆ ಮೊಟ್ಟೆಯ ಬಿಳಿ ಹಾಕಿ ತಿಳಿಗೊಳಿಸುತ್ತಾರೆ, ಯಂತ್ರದಲ್ಲಿ ಸೋಸುವುದಿಲ್ಲ. ಮೊಟ್ಟೆಯ ಬಿಳಿ ಒಗರಿನ ಕಣಗಳನ್ನು ಹಿಡಿದುಕೊಂಡು ತಳಕ್ಕಿಳಿಯುತ್ತದೆ, ವೈನಿನಲ್ಲಿ ಉಳಿಯುವುದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಆದರೂ ಧಾರವಾಡ, ಗದಗದ ಕಡೆ ಮೊಟ್ಟೆ ಮುಟ್ಟದ ಮನೆಗಳು ಬಹಳ. ಅಂಥವರಿಗೆ ಬಡಿಸುವ ಮುನ್ನ ಇದನ್ನು ಹೇಳಿಯೇ ಬಡಿಸಬೇಕು.

ಅಮೆರಿಕನ್ ಓಕ್‌ನ ವಾಸನೆ ಕನ್ನಡದ ಅಡುಗೆಮನೆಗೆ ತೀರ ಪರಿಚಿತ. ಆ ಮರದಲ್ಲಿ ಲ್ಯಾಕ್ಟೋನ್ ಎಂಬ ಅಂಶ ಫ್ರೆಂಚ್ ಓಕ್‌ಗಿಂತ ಹೆಚ್ಚು. ಅದು ಮೂಗಿಗೆ ಒಣ ಕೊಬ್ಬರಿಯಾಗಿ, ಸಬ್ಬಸಿಗೆ ಸೊಪ್ಪಾಗಿ ಬರುತ್ತದೆ. ಸಬ್ಬಸಿಗೆ ಅಂದರೆ ಸಂತೆಯಿಂದ ತಂದು ಕಟ್ಟು ಬಿಚ್ಚಿದಾಗ ಏಳುವ ಹಸಿ ವಾಸನೆಯಲ್ಲ. ಹೆಸರುಬೇಳೆ ಪಲ್ಯದಲ್ಲಿ ಬೆಂದು ಮೆತ್ತಗಾದ ಸಬ್ಬಸಿಗೆಯದು. ಹೊಸ ಪೀಪಾಯಿ ಬಳಸುವ ಕಂಪನಿಗಳ ರಿಯೋಹಾದಲ್ಲಿ ಇದು ಜೋರಾಗಿ ಹೊಡೆಯುತ್ತದೆ. ಇಲ್ಲಿ ಪೀಪಾಯಿಗಳನ್ನು ದುರಸ್ತಿ ಮಾಡಿ ಮಾಡಿ ದಶಕಗಟ್ಟಲೆ ಬಳಸುವುದರಿಂದ ಮರ ತನ್ನ ವಾಸನೆಯನ್ನು ಆಗಲೇ ಬಿಟ್ಟುಕೊಟ್ಟಿರುತ್ತದೆ. ಉಪ್ಪಿನಕಾಯಿ ಹಾಕಿ ಹಾಕಿ ಪಳಗಿದ ಭರಣಿಯ ಹಾಗೆ. ಹೀಗಾಗಿ ಕೊಬ್ಬರಿಯ ವಾಸನೆ ಹಿಂದೆ ನಿಂತು, ಮುಂದೆ ಬೇರೆಯವು ಬರುತ್ತವೆ.

ಈಗ ಊರಿನ ಮಾತು. ಇದು ಹುಬ್ಬಳ್ಳಿಯ ವೈನ್ ಶಾಪ್‌ಗೆ ಹೋಗಿ ಕೇಳಿದರೆ ಕೈಗೆ ಸಿಗುವ ಮಾಲಲ್ಲ. ವಿದೇಶದಿಂದ ಬರುವವರು ತಂದುಕೊಡುವುದೇ ಸುಲಭದ ದಾರಿ: ವಿಮಾನ ನಿಲ್ದಾಣದಲ್ಲಿ ಒಬ್ಬರಿಗೆ ಸುಂಕವಿಲ್ಲದೆ 2 ಲೀಟರ್ ಬಿಡುತ್ತಾರೆ, ಅಂದರೆ 750 ಮಿಲಿಯ ಎರಡು ಬಾಟಲಿ ನಿಶ್ಚಿಂತೆ. ಆಮದಾಗಿ ಅಂಗಡಿಗೆ ಬಂದ ವೈನಿಗೆ ಬಹುಕಾಲ ಶೇ 150ರ ಕಸ್ಟಮ್ಸ್ ಸುಂಕ, ಮೇಲೆ ರಾಜ್ಯದ ಅಬಕಾರಿ ಸುಂಕ ಬಿದ್ದಿದೆ. ಬೆಲೆ ಯಾಕೆ ಹಾಗೆ ಏರುತ್ತದೆ ಎಂಬುದಕ್ಕೆ ಅದೇ ಕಾರಣ. ಗೋವಾ ಹತ್ತಿರ ಎಂದು ಅಲ್ಲಿಂದ ಪರ್ಮಿಟ್ ಇಲ್ಲದೆ ತರುವುದು ಅಪರಾಧ, ಅನಮೋಡದ ಚೆಕ್‌ಪೋಸ್ಟ್‌ನಲ್ಲಿ ಗಾಡಿ ನಿಲ್ಲಿಸುತ್ತಾರೆ. ಕಾನೂನಿನ ಮಾತು ಬದಿಗಿಟ್ಟರೂ, ಏಪ್ರಿಲ್ ಬಿಸಿಲಿನಲ್ಲಿ ಕಾರಿನ ಡಿಕ್ಕಿಯೊಳಗೆ ಘಾಟಿ ಹತ್ತಿ ಬಂದ ಬಾಟಲಿ ಮನೆ ಮುಟ್ಟುವ ಹೊತ್ತಿಗೆ ಅರ್ಧ ಸತ್ತಿರುತ್ತದೆ.

ಇಲ್ಲಿ ಈ ವೈನಿನ ದೊಡ್ಡ ಶತ್ರು ಸೆಕೆಯೇ. ಸ್ಪೇನ್‌ನ ನೆಲಮಾಳಿಗೆಯಲ್ಲಿ ವರ್ಷವಿಡೀ 12ರಿಂದ 14 ಡಿಗ್ರಿ ಆಸುಪಾಸಿನಲ್ಲಿ ಮಲಗಿದ್ದ ಬಾಟಲಿ ಹುಬ್ಬಳ್ಳಿಯ ಮೇ ತಿಂಗಳ 37 ಡಿಗ್ರಿಯಲ್ಲಿ ಕಪಾಟಿನೊಳಗೆ ನಿಂತರೆ, ಒಳಗಿನ ದ್ರವ ಹಿಗ್ಗಿ ಬಿರಡೆಯನ್ನು ಮೇಲಕ್ಕೆ ತಳ್ಳುತ್ತದೆ. ರಾತ್ರಿ ತಣ್ಣಗಾದಾಗ ಕುಗ್ಗಿ ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ. ಇದು ದಿನಾ ನಡೆದರೆ ಎರಡು ತಿಂಗಳಲ್ಲಿ ಹಣ್ಣಿನ ವಾಸನೆ ಹೋಗಿ ಬೆಂದ ಬೆಲ್ಲದ ವಾಸನೆ ಉಳಿಯುತ್ತದೆ. ಆರ್‌ಸಿಸಿ ಛಾವಣಿಯ ಕೆಳಗಿನ ಅಟ್ಟ ಎಲ್ಲಕ್ಕಿಂತ ಕೆಟ್ಟ ಜಾಗ, ಗ್ಯಾಸ್ ಒಲೆಯ ಮೇಲಿನ ಕಪಾಟು ಎರಡನೆಯದು. ಹಳೆ ಧಾರವಾಡದ ದಪ್ಪ ಗೋಡೆಯ ಹೆಂಚಿನ ಮನೆಗಳಲ್ಲಿ ನಡುಕೋಣೆ ಪರವಾಗಿಲ್ಲ, ಅದೂ ಜೂನ್‌ನಿಂದ ಫೆಬ್ರವರಿವರೆಗೆ. ಉಳಿದವರಿಗೆ ಫ್ರಿಜ್‌ನ ಕೆಳಗಿನ ತರಕಾರಿ ಡಬ್ಬಿಯೇ ಗತಿ. ಬಾಟಲಿಯನ್ನು ಪೇಪರ್‌ನಲ್ಲಿ ಸುತ್ತಿ ಅಡ್ಡ ಮಲಗಿಸಿ. ವೈನ್ ಬಿರಡೆಗೆ ತಾಕುತ್ತಿದ್ದರೆ ಬಿರಡೆ ಒಣಗುವುದಿಲ್ಲ. ಫ್ರಿಜ್ ಅತಿಯಾಗಿ ತಣ್ಣಗೆ, ಬೆಳವಣಿಗೆ ನಿಂತುಹೋಗುತ್ತದೆ ಎಂಬುದು ನಿಜ. ಆದರೆ ಬೇಸಿಗೆಯ ಮೂರು ತಿಂಗಳಿಗೆ ನಿಂತ ಬೆಳವಣಿಗೆಯೇ ಲೇಸು. ಹತ್ತು ವರ್ಷ ಕೂಡಿಡುವ ಆಸೆ ಇದ್ದರೆ ವೈನ್ ಇಡಲೆಂದೇ ಬರುವ ಚಿಕ್ಕ ಫ್ರಿಜ್ ಬೇಕು, ಅದಕ್ಕೆ ಇನ್ವರ್ಟರ್ ಕೂಡ ಬೇಕು.

ಕುಡಿಯುವ ಹಿಂದಿನ ದಿನ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ. ಗಸಿ ತಳಕ್ಕಿಳಿಯಲು 24 ಗಂಟೆ ಸಾಕು. ಆರು ವರ್ಷ ಬಸಿದು ಬಸಿದು ಮಾಡಿದ್ದರಿಂದ ಇದರಲ್ಲಿ ಗಸಿ ಕಡಿಮೆ, ಕಾಫಿ ಪುಡಿಯಷ್ಟು ನುಣ್ಣಗೆ ಒಂದು ಚಿಟಿಕೆ. ಆದರೆ ಅದು ಗ್ಲಾಸಿಗೆ ಬಿದ್ದರೆ ಕಹಿ.

ಬಡಿಸುವ ಹದ 16ರಿಂದ 18 ಡಿಗ್ರಿ. "ಕೋಣೆಯ ತಾಪ" ಎಂಬ ಯುರೋಪಿನ ಮಾತು ಅಲ್ಲಿನ ಚಳಿ ದೇಶದ ಕೋಣೆಗೆ ಸಲ್ಲುವಂಥದ್ದು. ವಿದ್ಯಾನಗರದ ಫ್ಲ್ಯಾಟಿನ 30 ಡಿಗ್ರಿ ಕೋಣೆಗಲ್ಲ. 30 ಡಿಗ್ರಿಯಲ್ಲಿ ಸುರಿದರೆ ಮೊದಲು ಏಳುವುದು ಸ್ಪಿರಿಟ್ ವಾಸನೆ, ಹುಳಿ ಚೂಪಾಗಿ ಚುಚ್ಚುತ್ತದೆ, ಉಳಿದದ್ದೇನೂ ಸಿಗುವುದಿಲ್ಲ. ಹೊರಗಿದ್ದ ಬಾಟಲಿಯನ್ನು ಫ್ರಿಜ್‌ನಲ್ಲಿ ಒಂದೂಕಾಲರಿಂದ ಒಂದೂವರೆ ಗಂಟೆ ನೆಟ್ಟಗೆ ಇಡಿ. ಅವಸರವಿದ್ದರೆ ಬಕೆಟ್ಟಿಗೆ ಅರ್ಧ ನೀರು ಅರ್ಧ ಐಸ್ ಹಾಕಿ ಕುತ್ತಿಗೆವರೆಗೆ ಮುಳುಗಿಸಿ, 10ರಿಂದ 12 ನಿಮಿಷ. ನೀರಿಲ್ಲದ ಬರೀ ಐಸ್ ಹಾಕಬೇಡಿ. ಐಸ್ ತುಂಡುಗಳ ನಡುವೆ ಗಾಳಿ ಇರುವುದರಿಂದ ಎರಡರಷ್ಟು ಹೊತ್ತು ಹಿಡಿಯುತ್ತದೆ. ತರಕಾರಿ ಡಬ್ಬಿಯಿಂದ ತೆಗೆದದ್ದಾದರೆ ಉಲ್ಟಾ, ಅರ್ಧ ಗಂಟೆ ಹೊರಗಿಟ್ಟು ಕಾಯಿರಿ. ಗ್ಲಾಸಿಗೆ ಒಮ್ಮೆಗೆ 60–70 ಮಿಲಿ ಮೀರಬೇಡಿ. ನಮ್ಮ ಸೆಕೆಯಲ್ಲಿ ಗ್ಲಾಸ್ ಹತ್ತು ನಿಮಿಷದಲ್ಲಿ ಬೆಚ್ಚಗಾಗುತ್ತದೆ, ಬಾಟಲಿ ತಣ್ಣಗೇ ಇರಲಿ.

ಬಿರಡೆ ತೆಗೆಯುವುದೇ ಸೂಕ್ಷ್ಮ ಕೆಲಸ. ವರ್ಷಗಟ್ಟಲೆ ಬಾಟಲಿಯಲ್ಲಿದ್ದ ಬಿರಡೆಯ ಕೆಳ ಅರ್ಧ ವೈನ್ ಕುಡಿದು ಮೆತ್ತಗೆ, ಮೇಲಿನ ಅರ್ಧ ಒಣಗಿ ಪುಡಿಪುಡಿ. ಮೇಲಿನ ಹೊದಿಕೆಯನ್ನು ಬಾಯಿಂದ ಒಂದು ಬೆರಳು ಕೆಳಗೆ ಕತ್ತರಿಸಿ. ಬಿರಡೆಯ ತಲೆಯ ಮೇಲೆ ಕಪ್ಪು ಬೂಜು ಕಂಡರೆ ಗಾಬರಿ ಬೇಡ, ತಂಪು ನೆಲಮಾಳಿಗೆಯ ಗುರುತದು. ಒದ್ದೆ ಅರಿವೆಯಿಂದ ಒರೆಸಿ. ಬಿರಡೆ ಬಾಯಿಯ ಮಟ್ಟಕ್ಕಿಂತ ಉಬ್ಬಿದ್ದರೆ, ಕುತ್ತಿಗೆಯ ಹೊರಗೆ ಅಂಟಂಟು ಕಲೆ ಇಳಿದಿದ್ದರೆ ಮಾತ್ರ ಚಿಂತೆ, ಆ ಬಾಟಲಿ ಸೆಕೆ ತಿಂದಿದೆ. ಸ್ಕ್ರೂವನ್ನು ಸರಿಯಾಗಿ ನಡುವೆ ಚುಚ್ಚಿ, ನಿಧಾನವಾಗಿ ಕೊನೆಯ ಸುತ್ತಿನವರೆಗೆ ಇಳಿಸಿ. ಅರ್ಧಕ್ಕೆ ನಿಲ್ಲಿಸಿ ಎಳೆದರೆ ಬಿರಡೆ ಆ ಒಣ–ಹಸಿ ಗಡಿಯಲ್ಲೇ ಮುರಿಯುತ್ತದೆ. ಎರಡು ತೆಳು ಪಟ್ಟಿಗಳನ್ನು ಬಿರಡೆಯ ಎರಡೂ ಬದಿಗೆ ಇಳಿಸಿ ತಿರುಗಿಸುತ್ತ ಎತ್ತುವ ಓಪನರ್ ಸಿಕ್ಕರೆ ಹಳೆಯ ಬಾಟಲಿಗೆ ಅದೇ ಉತ್ತಮ. ಮುರಿದರೆ? ಉಳಿದ ತುಂಡಿಗೆ ಸ್ಕ್ರೂವನ್ನು ಓರೆಯಾಗಿ ಇಳಿಸಿ ನೋಡಿ, ಬಾರದಿದ್ದರೆ ಒಳಗೆ ತಳ್ಳಿ ಸೋಸಿಬಿಡಿ. ಸೋಸಲು ಚಹಾ ಜರಡಿ ಬೇಡ, ಎಷ್ಟು ತೊಳೆದರೂ ಶುಂಠಿ ಯಾಲಕ್ಕಿ ವಾಸನೆ ಹೋಗಿರುವುದಿಲ್ಲ. ಸೋಪು ಹಾಕದೆ ಬರೀ ಬಿಸಿ ನೀರಿನಲ್ಲಿ ಜಾಲಾಡಿದ ತೆಳು ಮಲ್ ಅರಿವೆ ಸಾಕು.

ಗಾಜಿನ ಜಗ್ಗಿಗೆ ಬಗ್ಗಿಸುವಾಗ ಬಾಟಲಿಯ ಕುತ್ತಿಗೆಯ ಹಿಂದೆ ಮೊಬೈಲ್ ಟಾರ್ಚ್ ಇಟ್ಟುಕೊಂಡು, ಒಂದೇ ಧಾರೆಯಲ್ಲಿ, ನಡುವೆ ನಿಲ್ಲಿಸದೆ ಬಗ್ಗಿಸಿ. ಬೆಳಕಿನಲ್ಲಿ ಗಸಿ ಹೊಗೆಯ ಎಳೆಯಂತೆ ಹೆಗಲಿಗೆ ಬಂದ ಕ್ಷಣ ಕೈ ಎತ್ತಿ. ತಳದಲ್ಲಿ ಎರಡು ಚಮಚ ಬಿಟ್ಟುಕೊಟ್ಟರೆ ನಷ್ಟವೇನಿಲ್ಲ. ಗ್ಲಾಸ್ ತೆಳು ಗಾಜಿನದಾಗಿರಲಿ, ಹೊಟ್ಟೆ ಅಗಲ ಬಾಯಿ ಕಿರಿದು. ಸ್ಟೀಲ್ ಲೋಟ ನೇರ ಗೋಡೆಯದ್ದು, ಅದರಲ್ಲಿ ವಾಸನೆ ನಿಲ್ಲದೆ ಹಾರಿಹೋಗುತ್ತದೆ, ಬಣ್ಣವೂ ಕಾಣುವುದಿಲ್ಲ. ಡಾಂಬರು ಗುಳಿಗೆ ಇಟ್ಟ ಕಪಾಟಿನಿಂದ ಗ್ಲಾಸ್ ತೆಗೆದರೆ ವೈನಿಗೂ ಅದೇ ವಾಸನೆ. ಊದುಬತ್ತಿ ಹಚ್ಚಿದ ಕೋಣೆ, ಆಗಷ್ಟೇ ಒಗ್ಗರಣೆ ಹಾಕಿದ ಅಡುಗೆಮನೆ ಎರಡೂ ಬೇಡ.

ಇನ್ನು ರುಚಿ. ತೆಗೆದ ಕೂಡಲೇ ಮೂಗಿಗೆ ಬರುವುದು ಬಾಗಿಲು ಮುಚ್ಚಿಟ್ಟಿದ್ದ ಕೋಣೆ: ಹಳೆ ಮರ, ಚರ್ಮ, ಒಂದು ಎಳೆ ಬಿರುಸು ಹುಳಿ ವಾಸನೆ. ಇಲ್ಲಿಗೇ ತೀರ್ಪು ಕೊಡುವವರು ಮೋಸ ಹೋಗುತ್ತಾರೆ. ಮುಕ್ಕಾಲು ಗಂಟೆಗೆ ಆ ಬಿರುಸು ಇಳಿದು ಒಣ ಅಂಜೂರ, ಕಿತ್ತಳೆ ಸಿಪ್ಪೆ, ಲವಂಗ ಬರುತ್ತವೆ. ಒಂದೂವರೆ ಗಂಟೆಗೆ ಗ್ಲಾಸ್ ಪೂರ್ತಿ ತೆರೆದುಕೊಳ್ಳುತ್ತದೆ: ಮಾಗಿದ ಕವಳಿ ಹಣ್ಣು, ಒಣ ತಂಬಾಕಿನ ಎಲೆ, ಗ್ರಂಥಿಗೆ ಅಂಗಡಿಯ ಬಾಗಿಲಲ್ಲಿ ನಿಂತಾಗ ಬರುವ ಆ ಕಲಸುಮೇಲೋಗರದ ಒಣ ವಾಸನೆ, ಕೊನೆಗೆ ಧಾರವಾಡ ಪೇಢೆಯ ಖೋವಾ ಬಾಣಲೆಯಲ್ಲಿ ಕೆಂಪಗೆ ತಿರುಗುವಾಗಿನ ಹಾಲಿನ ಕಂಪು. ಕೊಬ್ಬರಿ, ಸಬ್ಬಸಿಗೆ ಇವೆಲ್ಲದರ ಹಿಂದೆ ಮೆಲ್ಲಗೆ.

ಬಾಯಲ್ಲಿ ಮೂಗು ಹೇಳಿದ ಸಿಹಿ ಇಲ್ಲ. ಇದು ಪೂರ್ತಿ ಒಣ ವೈನ್, ಅಂದರೆ ಸಿಹಿ ಉಳಿಯದ್ದು, ಮದ್ಯಸಾರ ಶೇ 13ರ ಆಸುಪಾಸು. ಬೆನ್ನೆಲುಬು ಹುಳಿಯದ್ದು. ನಾಲಿಗೆಯ ಎರಡು ಬದಿಯಲ್ಲಿ ನೀರೂರುತ್ತದೆ, ಮಾಗಿದ ಹುಣಸೆಯ ಹುಳಿಯ ಹಾಗೆ ದುಂಡಗೆ. ಒಗರು ನೇರಳೆ ಹಣ್ಣಿನ ಸಿಪ್ಪೆಯಷ್ಟು, ವಸಡಿಗೆ ತಾಕಿ ಬಿಡುತ್ತದೆ. ನುಂಗಿದ ಮೇಲೆ ಅರ್ಧ ನಿಮಿಷಕ್ಕೂ ಹೆಚ್ಚು ಹೊತ್ತು ಕಿತ್ತಳೆ ಸಿಪ್ಪೆ ಮತ್ತು ತಂಬಾಕು ಉಳಿಯುತ್ತವೆ. ಬೇಗ ಮಾಗುವುದರಿಂದ ತೆಂಪ್ರಾನಿಯೋ ಎಂದು ಹೆಸರು ಬಂದ ದ್ರಾಕ್ಷಿ ಇದರಲ್ಲಿ ಬಹುಪಾಲು. ಜೊತೆಗೆ ಗಾರ್ನಾಚೋ ಮೈ ಕೊಡುತ್ತದೆ, ಚೂರುಪಾರು ಗ್ರಾಸಿಯಾನೋ ಮತ್ತು ಮಾಸುವೇಲೋ ಹುಳಿ, ಬಣ್ಣ ಕೊಡುತ್ತವೆ. 2011ಕ್ಕೆ ರಿಯೋಹಾದ ವೈನ್ ನಿಯಂತ್ರಣ ಮಂಡಳಿ ಅತ್ಯುತ್ತಮ ದರ್ಜೆ ಕೊಟ್ಟಿತ್ತು, ಬಿಸಿಲು ಹೆಚ್ಚಿದ್ದ ವರ್ಷ. ಆದರೂ ಹುಳಿ ಇಷ್ಟು ಎಚ್ಚರವಾಗಿ ಉಳಿದಿರುವುದು ತೋಟದ ಗುಣ. ಹಣ್ಣಿನ ಜೋರು, ದಪ್ಪ, ಜಾಮ್‌ನಂಥ ಸಿಹಿ ಬೇಕೆನ್ನುವವರಿಗೆ ಇದು ನೀರಸ ಅನ್ನಿಸಬಹುದು. ಅವರು ನಂದಿ ಬೆಟ್ಟದ ಅಥವಾ ಹಂಪಿ ಸೀಮೆಯ ಎಳೆಯ ಕೆಂಪು ವೈನಿನಲ್ಲಿ ಹೆಚ್ಚು ಖುಷಿ ಪಡುತ್ತಾರೆ.

ಊಟದ ಜೊತೆ ಹೊಂದಿಸುವಲ್ಲೇ ಹುಬ್ಬಳ್ಳಿಯವರು ಎಡವುವುದು. ಮಟನ್ ಜೊತೆ ಕೆಂಪು ವೈನ್ ಎಂದು ಯಾರೋ ಹೇಳಿದ್ದನ್ನು ಕೇಳಿ ಸಾವಜಿ ಖಾನಾವಳಿಯ ಪಾರ್ಸಲ್ ತರಿಸುತ್ತಾರೆ. ಸಾವಜಿ ಖಾರ ಅದರದೇ ಲೋಕದಲ್ಲಿ ದೊಡ್ಡದು, ಇದರ ಜೊತೆ ಮಾತ್ರ ಕೂಡದು. ಮದ್ಯಸಾರ, ಹುಳಿ, ಒಗರು ಮೂರೂ ಮೆಣಸಿನ ಉರಿಯನ್ನು ಎಬ್ಬಿಸುತ್ತವೆ. ಉರಿ ಹತ್ತಿದ ನಾಲಿಗೆಗೆ ಆರು ವರ್ಷದ ಪೀಪಾಯಿ ಗೊತ್ತೇ ಆಗುವುದಿಲ್ಲ, ಕಹಿ ನೀರು ಕುಡಿದಂತೆ.

ಆದರೆ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಈ ವೈನಿಗೆ ಹೇಳಿ ಮಾಡಿಸಿದ್ದು. ಇದು ಬರೀ ಅಭಿಮಾನದ ಮಾತಲ್ಲ. ರಿಯೋಹಾದವರು ಆಲೂಗಡ್ಡೆ ಬೇಯಿಸುವುದು ಚೊರಿಸೋ ಸಾಸೇಜ್ ಮತ್ತು ಒಣಗಿಸಿದ ಕೆಂಪು ಮೆಣಸಿನಕಾಯಿಯ ತಿರುಳು ಹಾಕಿ. ಆ ಕಾಯಿಯೂ ಬ್ಯಾಡಗಿಯಂತೆಯೇ ಬಣ್ಣ ಮತ್ತು ಘಮ ಜಾಸ್ತಿ, ಖಾರ ಕಡಿಮೆ. ವೈನ್ ಬೆಳೆದ ನೆಲದ ಅಡುಗೆಯೂ ನಮ್ಮ ಪಕ್ಕದೂರಿನ ಬೆಳೆಯೂ ಒಂದೇ ಜಾತಿಯ ರುಚಿಗೆ ಬಂದು ನಿಂತಿವೆ. ಹೀಗೆ ಮಾಡಿ: ಡಬ್ಬಿ ತಳಿಯ ಬ್ಯಾಡಗಿ 6, ಬೀಜ ಮತ್ತು ಒಳಗಿನ ನಾರು ತೆಗೆದು 20 ನಿಮಿಷ ಬಿಸಿ ನೀರಿನಲ್ಲಿ ನೆನೆಸಿ, 8 ಎಸಳು ಬೆಳ್ಳುಳ್ಳಿ ಮತ್ತು ಉಪ್ಪಿನ ಜೊತೆ ನುಣ್ಣಗೆ ರುಬ್ಬಿ. ಅರ್ಧ ಕಿಲೋ ಮಟನ್ ಚಾಪ್ಸ್‌ಗೆ ಹಚ್ಚಿ ಎರಡು ಗಂಟೆ ಬಿಟ್ಟು, ಇದ್ದಿಲ ಕೆಂಡದ ಮೇಲೆ ಅಥವಾ ದಪ್ಪ ಕಬ್ಬಿಣದ ಹಂಚಿನ ಮೇಲೆ ಸುಡಿ. ಹುಣಸೆ, ಲಿಂಬೆ, ಗರಂ ಮಸಾಲೆ ಹಾಕಬೇಡಿ. ಆರೋ ಕಡೆ ಕುರಿಮರಿಯ ಚಾಪ್ಸನ್ನು ಒಣ ದ್ರಾಕ್ಷಿ ಬಳ್ಳಿಯ ಬೆಂಕಿಯಲ್ಲಿ ಸುಡುತ್ತಾರೆ. ವಿಜಯಪುರದ ಕಡೆ ನೆಂಟರಿದ್ದರೆ ಚಾಟಣಿಯಾದ ಮೇಲೆ ತೋಟದಲ್ಲಿ ಬೀಳುವ ಬಳ್ಳಿಯನ್ನು ಒಂದು ಚೀಲ ತರಿಸಿ ಒಣಗಿಸಿಟ್ಟುಕೊಳ್ಳಬಹುದು.

ಮಾಂಸ ತಿನ್ನದವರಿಗೆ ಎಣ್ಣೆಗಾಯಿ: ಎಳೆ ಬದನೆಕಾಯಿ, ಹುರಿದ ಶೇಂಗಾ, ಗುರೆಳ್ಳು, ಒಣ ಕೊಬ್ಬರಿ, ಮೇಲಿನ ಬ್ಯಾಡಗಿ ಮಸಾಲೆ. ಹುಣಸೆ ಬಿಟ್ಟು, ಹಸಿಮೆಣಸಿನಕಾಯಿ ಬಿಟ್ಟು. ಗುರೆಳ್ಳಿನ ಆ ಮಣ್ಣಿನ ಕಂಪು ವೈನಿನ ತಂಬಾಕಿಗೆ ನೇರವಾಗಿ ಕೂಡುತ್ತದೆ. ಜೋಳದ ರೊಟ್ಟಿ, ಬೆಣ್ಣೆ ಸರಿ. ಮೊಸರು, ಹಸಿ ಉಳ್ಳಾಗಡ್ಡಿ, ಮೆಂತ್ಯ ಸೊಪ್ಪು ದೂರ. ಪೇಢೆಯ ವಾಸನೆ ಬಂತೆಂದು ಪೇಢೆ ತಿನ್ನುತ್ತ ಕುಡಿದರೆ ಸಿಹಿಯ ಮುಂದೆ ವೈನ್ ಬರೀ ಹುಳಿಯಾಗುತ್ತದೆ.

ಕೆಟ್ಟದ್ದನ್ನು ಗುರುತಿಸುವುದು ಹೀಗೆ. ಮಳೆಯಲ್ಲಿ ನೆನೆದ ಗೋಣಿಚೀಲ ಅಥವಾ ಒದ್ದೆ ರಟ್ಟಿನ ವಾಸನೆ ಬಂದು, ಒಂದು ಗಂಟೆ ಗಾಳಿಗಿಟ್ಟ ಮೇಲೂ ಹೋಗದೆ ಇನ್ನೂ ಜೋರಾದರೆ ಅದು ಬಿರಡೆಯ ದೋಷ. ಯಾವ ದೊಡ್ಡ ಹೆಸರಿನ ವೈನಿಗೂ ಬರಬಹುದು, ಸರಿಪಡಿಸುವ ದಾರಿಯಿಲ್ಲ. ಬೆಂದ ಬೆಲ್ಲ ಮಾತ್ರ ಬಂದು ಹಣ್ಣು ಬಾರದಿದ್ದರೆ ಸೆಕೆ ತಿಂದದ್ದು. ಉಗುರುಬಣ್ಣದ ವಾಸನೆ ಒಂದು ಎಳೆ ಇದ್ದರೆ ಈ ಪದ್ಧತಿಯ ವೈನಿಗೆ ಸಹಜ, ಕಣ್ಣಿಗೆ ಚುಚ್ಚುವಷ್ಟಿದ್ದರೆ ದೋಷ.

ಬೆಲೆಯ ವಿಷಯಕ್ಕೆ ಬಂದರೆ, ಸ್ಪೇನ್‌ನಲ್ಲೇ ಸಾಮಾನ್ಯ ಕ್ರಿಯಾನ್ಸಾದ ಮೂರ್ನಾಲ್ಕು ಪಟ್ಟು. ಆರು ವರ್ಷದ ಪೀಪಾಯಿ, ಅದರ ಮೇಲೆ ಬಾಟಲಿಯಲ್ಲಿನ ವರ್ಷಗಳನ್ನು ಮನೆತನವೇ ಕಾದು ಕೊಡುತ್ತಿದೆ, ಹಾಗಾಗಿ ಅದು ನ್ಯಾಯದ ಬೆಲೆ. ಮೊದಲ ಸಲ ಈ ಶೈಲಿ ನೋಡುವವರು ಅದೇ ಮನೆತನದ ವಿನ್ಯಾ ಕುಬಿಯೋ ಕ್ರಿಯಾನ್ಸಾದಿಂದ ಶುರು ಮಾಡಲಿ. ಅದೂ ಮೂರು ವರ್ಷ ಪೀಪಾಯಿಯಲ್ಲಿ ಕೂತದ್ದೇ. ಪಕ್ಕದ ಲಾ ರಿಯೋಹಾ ಆಲ್ಟಾ ಕಂಪನಿಯ ವಿನ್ಯಾ ಆರ್ದಾನ್ಸಾ ಇನ್ನಷ್ಟು ದುಂಡು, ಕೊಬ್ಬರಿ ಜಾಸ್ತಿ, ಮೊದಲ ಗುಟುಕಿಗೇ ಒಲಿಯುವಂಥದ್ದು. ಗ್ರಾನ್ ರೆಸೆರ್ವಾವನ್ನು ಮಾತ್ರ, ಬಾಟಲಿ ಎಲ್ಲಿಂದ ಹೇಗೆ ಬಂತು, ಯಾವ ತಾಪದಲ್ಲಿತ್ತು ಎಂದು ತಿಳಿಯದೆ ಕೊಳ್ಳಬೇಡಿ. ಆ ದುಡ್ಡಿಗೆ ನಮ್ಮ ಹವೆಯಲ್ಲಿ ಅಪಾಯ ಹೆಚ್ಚು.

ನಾಲ್ಕು ಜನಕ್ಕೆ ಒಂದು ಬಾಟಲಿ ಹದ. ಇಬ್ಬರೇ ಇದ್ದು ಅರ್ಧ ಉಳಿಸಬೇಕೆಂದಿದ್ದರೆ, ತೆಗೆದ ಕೂಡಲೇ 375 ಮಿಲಿಯ ಶುದ್ಧ ಬಾಟಲಿಗೆ ಕಂಠಪೂರ್ತಿ ತುಂಬಿ, ಗಾಳಿಗೆ ಜಾಗವಿಲ್ಲದಂತೆ ಬಿಗಿಯಾಗಿ ಮುಚ್ಚಿ ಫ್ರಿಜ್‌ನಲ್ಲಿಡಿ. ಎಷ್ಟೋ ವೈನುಗಳು ಮರುದಿನ ಸೊರಗುತ್ತವೆ. ಇದು ಮೂರು ದಿನ ನಿಲ್ಲುತ್ತದೆ; ಎರಡನೆಯ ದಿನ, ಹೊರಗಿಟ್ಟು 20 ನಿಮಿಷ ಬಿಟ್ಟ ಮೇಲೆ, ಕಿತ್ತಳೆ ಸಿಪ್ಪೆಯ ವಾಸನೆ ಮೊದಲ ದಿನಕ್ಕಿಂತ ಸ್ಪಷ್ಟವಾಗಿತ್ತು.